ಆನರ್ಸ್ ಥೀಸಿಸ್‌ನಲ್ಲಿ ಹೊಸದೇನಾದರೂ ಕಂಡುಹಿಡಿಯಲೇಬೇಕಾ?

ನೀವು ಕೇಳಿದ್ದು ಇಷ್ಟು. ಪದವಿಯ ಕೊನೆಯ ವರ್ಷ, ಆನರ್ಸ್ ಥೀಸಿಸ್ ಬರೆಯಬೇಕು. ನಿಮ್ಮದು ಮನಶ್ಶಾಸ್ತ್ರ. ಗೆಳೆಯರಲ್ಲಿ ಒಬ್ಬರು ಗಣಿತ, ಒಬ್ಬರು ಇತಿಹಾಸ, ಇನ್ನೊಬ್ಬರು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದಾರೆ. ಒಬ್ಬರು ಮಾಡುವುದಕ್ಕೂ ಇನ್ನೊಬ್ಬರು ಮಾಡುವುದಕ್ಕೂ ಸಂಬಂಧವೇ ಕಾಣುವುದಿಲ್ಲ. ಹಾಗಾದರೆ ಇದರಲ್ಲಿ ಯಾವುದು ಸಂಶೋಧನೆ? ಪಿಎಚ್‌ಡಿ ಮಾಡುವವರ ಹಾಗೆ ಹೊಸದೇನನ್ನಾದರೂ ಕಂಡುಹಿಡಿಯಲೇಬೇಕಾ?

ಕಂಡುಹಿಡಿಯಲೇಬೇಕು ಅಂತೇನಿಲ್ಲ. ನಾನು ಹಲವು ವರ್ಷಗಳಿಂದ ಬೇರೆ ಬೇರೆ ವಿಭಾಗಗಳ ಥೀಸಿಸ್ ಓದುತ್ತಿದ್ದೇನೆ, ಮೌಖಿಕ ಪರೀಕ್ಷೆಗಳಲ್ಲೂ ಕೂರುತ್ತೇನೆ. ಚೆನ್ನಾಗಿರುವ ಥೀಸಿಸ್‌ಗಳಲ್ಲೆಲ್ಲ ಒಂದು ಗುಣ ನೋಡಿದ್ದೇನೆ, ಅದು ಗಣಿತವಾಗಲಿ ಸಾಹಿತ್ಯವಾಗಲಿ. ಅವುಗಳ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೂ ಬರಬಹುದಿತ್ತು. ಯಾವ ಉತ್ತರ ಸರಿ ಎಂದು ತೀರ್ಮಾನಿಸಲು ಬೇಕಾದ ಪುರಾವೆ ಆ ವಿದ್ಯಾರ್ಥಿಯ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಇಷ್ಟಿದ್ದರೆ ಅದು ಸಂಶೋಧನೆ. ಉತ್ತರ ಮೊದಲೇ ಗೊತ್ತಿದ್ದು, ಅದಕ್ಕೆ ತಕ್ಕ ಉಲ್ಲೇಖ ಹುಡುಕಿ ಜೋಡಿಸಿದರೆ ನೂರು ಪುಟ ಬರೆದರೂ ಅದು ದೊಡ್ಡ ಅಸೈನ್‌ಮೆಂಟ್ ಅಷ್ಟೇ.

ನನಗೆ ತುಂಬ ಇಷ್ಟವಾದ ಉದಾಹರಣೆ ಸಿವಿಲ್ ಎಂಜಿನಿಯರಿಂಗ್‌ನದು. 1978ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಡಯೇನ್ ಹಾರ್ಟ್ಲಿ ಪದವಿಯ ಥೀಸಿಸ್‌ಗೆ ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡವನ್ನು ಆಯ್ದುಕೊಂಡರು. 59 ಮಹಡಿ, ಆಗಿನ್ನೂ ಹೊಸದು. ನಿವೇಶನದ ಒಂದು ಮೂಲೆಯಲ್ಲಿ ಚರ್ಚ್ ಇದ್ದದ್ದರಿಂದ ಅದರ ದೊಡ್ಡ ಕಂಬಗಳನ್ನು ಮೂಲೆಗಳಲ್ಲಿ ನಿಲ್ಲಿಸದೆ ನಾಲ್ಕೂ ಬದಿಗಳ ಮಧ್ಯದಲ್ಲಿ ನಿಲ್ಲಿಸಿದ್ದರು. ಸಾಮಾನ್ಯವಾಗಿ ಲೆಕ್ಕ ಹಾಕುತ್ತಿದ್ದದ್ದು ಗಾಳಿ ಗೋಡೆಗೆ ನೇರವಾಗಿ ಬಡಿದರೆ ಏನಾಗುತ್ತದೆ ಎಂದು. ಹಾರ್ಟ್ಲಿ ಮೂಲೆಯ ಕಡೆಯಿಂದ ಓರೆಯಾಗಿ ಬೀಸುವ ಗಾಳಿಯ ಲೆಕ್ಕವನ್ನೂ ಹಾಕಿದರು. ಹಾಗೆ ಬೀಸಿದರೆ ಕಟ್ಟಡವನ್ನು ಗಾಳಿಗೆ ಬಾಗದಂತೆ ಹಿಡಿಯುವ ಉಕ್ಕಿನ ಓರೆಪಟ್ಟಿಗಳ ಮೇಲೆ ಒತ್ತಡ ಜಾಸ್ತಿ ಬರುತ್ತಿತ್ತು. ಕಟ್ಟಡ ವಿನ್ಯಾಸ ಮಾಡಿದವರ ಕಚೇರಿಯಲ್ಲಿ ವಿಚಾರಿಸಿದಾಗ ಏನೂ ತೊಂದರೆಯಿಲ್ಲ ಎಂಬ ಭರವಸೆ ಸಿಕ್ಕಿತು.

ಅದೇ ವರ್ಷ ಮುಖ್ಯ ಎಂಜಿನಿಯರ್ ವಿಲಿಯಂ ಲೆಮೆಶೂರಿಯರ್ ತಮ್ಮ ಲೆಕ್ಕವನ್ನು ಮತ್ತೆ ಪರಿಶೀಲಿಸಿದರು. ಓರೆಗಾಳಿಗೆ ಕೆಲವು ಪಟ್ಟಿಗಳ ಮೇಲೆ ಒತ್ತಡ ಶೇ 40ರಷ್ಟು ಏರುತ್ತಿತ್ತು. ಸಾಲದ್ದಕ್ಕೆ ಕೀಲುಗಳನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿ ಕೂಡಿಸಿದ್ದರು. ಕೆಲಸಗಾರರು ರಾತ್ರಿ ಹೊತ್ತು ಒಳಗೆ ಹೋಗಿ, ಆ ಕೀಲುಗಳ ಮೇಲೆ ದಪ್ಪ ಉಕ್ಕಿನ ಫಲಕಗಳನ್ನು ವೆಲ್ಡ್ ಮಾಡಿ ಭದ್ರಪಡಿಸಿದರು. ಜನರಿಗೆ ಈ ವಿಷಯ ತಿಳಿದದ್ದು 1995ರಲ್ಲಿ. ಒಬ್ಬ ವಿದ್ಯಾರ್ಥಿ ಫೋನ್ ಮಾಡಿ ಕೇಳಿದ್ದೇ ತಾವು ಮತ್ತೆ ಲೆಕ್ಕ ನೋಡಲು ಕಾರಣ ಎಂದು ಲೆಮೆಶೂರಿಯರ್ ಹೇಳಿದ್ದರು. ಆ ವಿದ್ಯಾರ್ಥಿ ಯಾರು ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆಯೇ. ಹಾರ್ಟ್ಲಿ ಹೊಸ ಸಿದ್ಧಾಂತವನ್ನೇನೂ ಕಟ್ಟಲಿಲ್ಲ. ಪಠ್ಯದಲ್ಲಿ ಕಲಿತ ಲೆಕ್ಕವನ್ನೇ ಕಣ್ಣೆದುರಿಗಿದ್ದ ಕಟ್ಟಡಕ್ಕೆ ಹಚ್ಚಿ ನೋಡಿದರು. ಒತ್ತಡ ಜಾಸ್ತಿಯಾಗದೆಯೂ ಇರಬಹುದಿತ್ತು. ಆಗಲೂ ಅದು ಒಳ್ಳೆಯ ಥೀಸಿಸ್ಸೇ ಆಗಿರುತ್ತಿತ್ತು.

ಹೊಸದು ಹುಟ್ಟುವುದೇ ಇಲ್ಲ ಅಂತಲ್ಲ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1939ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅಣುಗಳೊಳಗಿನ ಬಲಗಳ ಬಗ್ಗೆ ಬರೆದ ಪದವಿ ಥೀಸಿಸ್‌ನ ಫಲಿತಾಂಶ ಇವತ್ತಿಗೂ ಹೆಲ್‌ಮನ್–ಫೈನ್‌ಮನ್ ಪ್ರಮೇಯ ಎಂದು ಬಳಕೆಯಲ್ಲಿದೆ. ಆದರೆ ಅಂಥದ್ದನ್ನೇ ಗುರಿ ಮಾಡಿಕೊಂಡು ಕೂತರೆ ಬರವಣಿಗೆ ಶುರುವಾಗುವುದೇ ಇಲ್ಲ.

ಇನ್ನು ನಿಮ್ಮ ಗೆಳೆಯರ ವಿಷಯ. ಪುರಾವೆ ಎಂದು ಯಾವುದನ್ನು ಒಪ್ಪುತ್ತಾರೆ ಎನ್ನುವುದು ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ, ಅದಕ್ಕೇ ಎಲ್ಲವೂ ಬೇರೆ ಬೇರೆ ಥರ ಕಾಣುವುದು. ಗಣಿತದಲ್ಲಿ ಹಳೆಯ ಪ್ರಮೇಯವೊಂದನ್ನು ಪೂರ್ತಿ ಅರ್ಥ ಮಾಡಿಕೊಂಡು, ಬೇರೆಯವರು ಹಾರಿಸಿಬಿಟ್ಟ ಹೆಜ್ಜೆಗಳನ್ನೆಲ್ಲ ತುಂಬಿ, ಸ್ವಂತ ಉದಾಹರಣೆಗಳ ಜೊತೆ ಬರೆದರೂ ಸಾಕು. ಜೀವಶಾಸ್ತ್ರದವರು ಸಾಮಾನ್ಯವಾಗಿ ಗೈಡ್ ಆಗಲೇ ನಡೆಸುತ್ತಿರುವ ಕೆಲಸದ ಒಂದು ತುಂಡನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿ ಸ್ವಂತಿಕೆ ಕಾಣುವುದು ಕಂಟ್ರೋಲ್‌ಗಳನ್ನು (ಹೋಲಿಸಿ ನೋಡಲು ಬದಲಾವಣೆ ಮಾಡದೆ ಇಡುವ ಮಾದರಿಗಳನ್ನು) ಇಡುವ ರೀತಿಯಲ್ಲಿ. ಕಂಪ್ಯೂಟರ್ ಸೈನ್ಸ್‌ನವರು ಹಳೆಯ ಸರಳ ವಿಧಾನಕ್ಕಿಂತ ತಮ್ಮದು ನಿಜಕ್ಕೂ ಮೇಲು ಎಂದು ಒಂದೇ ಡೇಟಾದ ಮೇಲೆ ತೋರಿಸಬೇಕು. ಸಾಹಿತ್ಯದವರಿಗೆ ಕೃತಿಯೇ ಪುರಾವೆ. ತಮ್ಮ ಓದಿಗೆ ಒಗ್ಗದ ಸಾಲುಗಳನ್ನೂ ಅವರು ಮುಚ್ಚಿಡದೆ ಎದುರಿಸಬೇಕು.

ಇತಿಹಾಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ವಿಷಯವನ್ನು ಚಿಕ್ಕದು ಮಾಡುವುದು ಹೇಗೆ ಅಂತ ಅಲ್ಲಿ ಚೆನ್ನಾಗಿ ಕಾಣುತ್ತದೆ. ‘1918ರ ಇನ್‌ಫ್ಲುಯೆಂಜಾ ಮತ್ತು ಸಮಾಜ’ ಎಂಬುದು ಶೀರ್ಷಿಕೆ ಆಗಬಹುದು, ಪ್ರಶ್ನೆ ಆಗಲಾರದು. ಒಂದೇ ಒಂದು ದಿನಪತ್ರಿಕೆ ಹಿಡಿಯಿರಿ. 1918ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಸಂಚಿಕೆಗಳು ಸಾಕು, ಸೋಂಕಿನ ಭೀಕರ ಅಲೆ ಬಂದದ್ದು ಆಗಲೇ. ಅದರಲ್ಲಿ ಔಷಧಿ ಜಾಹೀರಾತುಗಳನ್ನು ಮಾತ್ರ ನೋಡಿ. ಕಾಯಿಲೆಯ ಹೆಸರು ಜಾಹೀರಾತಿನಲ್ಲಿ ಮೊದಲು ಬಂತಾ, ಮುಖಪುಟದ ಸುದ್ದಿಯಲ್ಲಿ ಮೊದಲು ಬಂತಾ? ಈ ಪ್ರಶ್ನೆಗೆ ಎರಡು ರೀತಿಯ ಉತ್ತರವೂ ಬರಬಹುದು. ಎರಡರಲ್ಲಿ ಯಾವುದು ಬಂದರೂ ಆ ಕಾಲದ ವ್ಯಾಪಾರ, ಭಯ, ಪತ್ರಿಕೆಯ ನಡವಳಿಕೆ ಬಗ್ಗೆ ಬರೆಯಲು ಬೇಕಾದಷ್ಟು ಇರುತ್ತದೆ. ಸಂಚಿಕೆಗಳ ಫೋಟೋ ತೆಗೆದಾಗಲೇ ದಿನಾಂಕ, ಪುಟ, ಅಂಕಣ ಬರೆದಿಟ್ಟುಕೊಳ್ಳಲು ನಿಮ್ಮ ಗೆಳೆಯರಿಗೆ ಹೇಳಿ. ಆಮೇಲೆ ಹುಡುಕುವುದು ಬಹಳ ಕಷ್ಟ.

ಈಗ ನಿಮ್ಮ ಮನಶ್ಶಾಸ್ತ್ರಕ್ಕೆ ಬರೋಣ. ಫೋನ್ ಬಳಕೆ ಮತ್ತು ಯುವಜನರ ಮಾನಸಿಕ ಆರೋಗ್ಯ ಅಂತ ಬರೆದಿದ್ದೀರಿ. ಇದು ತುಂಬಾ ದೊಡ್ಡದಾಯಿತು. ಮಲಗುವ ಮುಂಚಿನ ಒಂದು ಗಂಟೆ ಫೋನ್ ದೂರ ಇಟ್ಟರೆ ನಿದ್ದೆ ಬೇಗ ಬರುತ್ತದಾ ಅಂತ ಕೇಳಿ ನೋಡಿ. ಇದನ್ನು ಅಳೆಯಬಹುದು. ಉತ್ತರ ‘ಇಲ್ಲ’ ಎಂದೂ ಬರಬಹುದು.

ಆಮೇಲೆ ಎಷ್ಟು ಜನ ಬೇಕು ಎಂಬ ಲೆಕ್ಕವನ್ನು ಈಗಲೇ ಮಾಡಿ. ಜನರನ್ನು ಫೋನ್ ಇಟ್ಟುಕೊಳ್ಳುವವರು, ದೂರ ಇಡುವವರು ಎಂದು ಎರಡು ಗುಂಪು ಮಾಡಿದಿರಿ ಎನ್ನಿ. ಅವುಗಳ ಸರಾಸರಿಯಲ್ಲಿ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿರುತ್ತವೆ ಎಂಬುದರ ಲೆಕ್ಕ ಅದು) ವ್ಯತ್ಯಾಸ ಇದ್ದರೆ, ಅದನ್ನು ಹಿಡಿಯಲು ಒಂದೊಂದು ಗುಂಪಿಗೆ 64 ಜನ ಬೇಕು. ಶೇ 5ರ ಸಿಗ್ನಿಫಿಕೆನ್ಸ್ ಮಟ್ಟ, ಶೇ 80ರ ಪವರ್ ಇಟ್ಟುಕೊಂಡು ಹಾಕಿದ ಲೆಕ್ಕ ಇದು. ಅಂದರೆ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ ಶೇ 5, ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ ಶೇ 80. ವ್ಯತ್ಯಾಸ ಇನ್ನೂ ಸಣ್ಣದು, ಸ್ಟ್ಯಾಂಡರ್ಡ್ ಡೀವಿಯೇಶನ್ನಿನ 0.2ರಷ್ಟೇ ಇದ್ದರೆ ಗುಂಪಿಗೆ ಸುಮಾರು 400 ಜನ ಬೇಕಾಗುತ್ತದೆ. ಒಬ್ಬ ಪದವಿ ವಿದ್ಯಾರ್ಥಿಗೆ ಅಷ್ಟು ಜನ ಎಲ್ಲಿ ಸಿಗುತ್ತಾರೆ? ಇಪ್ಪತ್ತು ಮೂವತ್ತು ಜನರನ್ನು ಇಟ್ಟುಕೊಂಡು ‘ಪರಿಣಾಮ ಇಲ್ಲ’ ಎಂದು ಬರೆದ ಥೀಸಿಸ್ ಓದುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅಷ್ಟು ಶ್ರಮಪಟ್ಟ ಮೇಲೂ ಆ ಡೇಟಾ ಯಾವ ಉತ್ತರವನ್ನೂ ಕೊಡಲಾರದು. ಅದರ ಬದಲು ಅದೇ ಜನರಿಂದ ಒಂದು ವಾರ ಫೋನ್ ಇಟ್ಟುಕೊಂಡು, ಒಂದು ವಾರ ದೂರ ಇಟ್ಟು ಅಳತೆ ತೆಗೆದುಕೊಳ್ಳಿ. ಒಬ್ಬೊಬ್ಬರನ್ನೂ ಅವರ ಜೊತೆಗೇ ಹೋಲಿಸುವುದರಿಂದ ಬಹಳ ಕಡಿಮೆ ಜನ ಸಾಕಾಗುತ್ತದೆ. ಅರ್ಧ ಜನಕ್ಕೆ ಮೊದಲ ವಾರ ಫೋನ್ ಇರಲಿ, ಉಳಿದವರಿಗೆ ಎರಡನೇ ವಾರ. ಇಲ್ಲದಿದ್ದರೆ ನಿದ್ದೆ ಬದಲಾದದ್ದು ಫೋನಿನಿಂದಲೋ, ಆ ವಾರದ ಪರೀಕ್ಷೆಯಿಂದಲೋ ಅಂತ ಹೇಳಲು ಬರುವುದಿಲ್ಲ.

ಡೇಟಾ ಸಂಗ್ರಹಿಸುವ ಮೊದಲು ನಿಮ್ಮ ಊಹೆ ಏನು, ಸಂಖ್ಯಾಶಾಸ್ತ್ರದ ಯಾವ ಪರೀಕ್ಷೆ ಹಚ್ಚುತ್ತೀರಿ, ಯಾರ ಉತ್ತರಗಳನ್ನು ಯಾವ ಕಾರಣಕ್ಕೆ ಬಿಡುತ್ತೀರಿ ಅಂತ ಬರೆದು, ದಿನಾಂಕ ಹಾಕಿ ಗೈಡ್‌ಗೆ ಕಳಿಸಿಬಿಡಿ. ಆಮೇಲೆ ಫಲಿತಾಂಶ ನೋಡಿಕೊಂಡು ಊಹೆ ತಿದ್ದುವ ಆಸೆ ಎಲ್ಲರಿಗೂ ಬರುತ್ತದೆ. ಕೈಯಲ್ಲಿ ಆ ಪುಟ ಇದ್ದರೆ ‘ವ್ಯತ್ಯಾಸ ಕಾಣಲಿಲ್ಲ’ ಎಂದು ಧೈರ್ಯವಾಗಿ ಬರೆಯಬಹುದು. ಅಂಥ ಫಲಿತಾಂಶಕ್ಕೆ ಅಂಕ ಕಡಿಮೆ ಮಾಡಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಗೈಡ್ ಬಗ್ಗೆ ಒಂದು ಮಾತು. ದೊಡ್ಡ ಹೆಸರಿನವರಿಗಿಂತ ಎರಡು ವಾರಕ್ಕೊಮ್ಮೆಯಾದರೂ ಸಿಗುವವರನ್ನು ಆರಿಸಿ. ಅವರ ಬಳಿ ಮೊದಲು ಬರೆದ ವಿದ್ಯಾರ್ಥಿಗಳನ್ನು ಕೇಳಿದರೆ ಯಾರು ಕರಡು ಓದಿ ಕೊಡುತ್ತಾರೆ, ಯಾರು ಸುಮ್ನೆ ಸಹಿ ಹಾಕುತ್ತಾರೆ ಅಂತ ಗೊತ್ತಾಗುತ್ತದೆ.

ಬರೆಯಲು ಪೀಠಿಕೆಯಿಂದ ಶುರು ಮಾಡಬೇಡಿ. ಏನು ಮಾಡಿದಿರಿ, ಹೇಗೆ ಮಾಡಿದಿರಿ ಎಂಬ ಅಧ್ಯಾಯವನ್ನು ಮಾಡುತ್ತಿರುವಾಗಲೇ ಬರೆಯಿರಿ. ಮೂಲ ಡೇಟಾದ ಫೈಲನ್ನು ಹಾಗೇ ಇಟ್ಟು ಪ್ರತಿಯ ಮೇಲೆ ಕೆಲಸ ಮಾಡಿ.

ಎಲ್ಲಕ್ಕಿಂತ ಅರ್ಜೆಂಟ್ ಅಂದರೆ ಎಥಿಕ್ಸ್ ಕಮಿಟಿಯ ಅರ್ಜಿ. ಮನುಷ್ಯರ ಮೇಲೆ ಅಧ್ಯಯನ ಮಾಡುವುದರಿಂದ ಒಪ್ಪಿಗೆ ಸಿಗುವ ಮುಂಚೆ ಒಬ್ಬರ ಉತ್ತರವನ್ನೂ ತೆಗೆದುಕೊಳ್ಳುವಂತಿಲ್ಲ. ಹಿಂದಿನ ದಿನಾಂಕ ಹಾಕಿ ಒಪ್ಪಿಗೆ ಕೊಡುವುದಿಲ್ಲ. ಒಪ್ಪಿಗೆ ಪತ್ರದ ನಮೂನೆ, ಪ್ರಶ್ನಾವಳಿ, ಡೇಟಾ ಎಲ್ಲಿ ಇಡುತ್ತೀರಿ ಎಂಬ ವಿವರ, ಎಲ್ಲವನ್ನೂ ಕೇಳುತ್ತಾರೆ. ತಿದ್ದಿ ತನ್ನಿ ಎಂದು ಒಮ್ಮೆಯಾದರೂ ವಾಪಸ್ ಕಳಿಸುವುದು ಮಾಮೂಲು. ಆದ್ದರಿಂದ ಪ್ರಶ್ನೆಯನ್ನು ಈ ವಾರವೇ ಒಂದು ಸಾಲಿಗೆ ಇಳಿಸಿ. ಅದನ್ನು ಇಲ್ಲೇ ಕೆಳಗೆ ಬರೆದರೆ, ಅದು ಅಳತೆಗೆ ಸಿಗುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.