ಮುಚ್ಚಳದ ನಡುವಿನ ಒತ್ತಡವೇ ಕಾವಲು

ಪ್ರಶ್ನೆ: ನಮ್ಮ ಜಿಲ್ಲೆಯ ಗೇರುತೋಟದ ಗೋದಾಮುಗಳಲ್ಲಿ ಉಳಿದಿದ್ದ ಎಂಡೋಸಲ್ಫಾನ್ ಕೀಟನಾಶಕದ ಡ್ರಮ್ಮುಗಳು ಸೋರಿ, 2012ರಲ್ಲಿ ಬೇರೆ ಡ್ರಮ್ಮಿಗೆ ತುಂಬಿಸಬೇಕಾಯಿತು. ಜರ್ಮನಿಯಲ್ಲಿ ಪರಮಾಣು ಸ್ಥಾವರದ ಬಳಸಿದ ಇಂಧನವನ್ನು ಕಬ್ಬಿಣದ ಕ್ಯಾಸ್ಕುಗಳಲ್ಲಿ (ದಪ್ಪ ಗೋಡೆಯ ಪೀಪಾಯಿಗಳಲ್ಲಿ) 40 ವರ್ಷ ಇಡುತ್ತಾರಂತೆ. ಅದು ಸೋರುವುದಿಲ್ಲ ಎಂಬುದಕ್ಕೆ ಏನು ಖಾತ್ರಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸೋರುವುದೇ ಇಲ್ಲ ಎಂಬ ಮಾತನ್ನು ನಂಬಿ ಪರವಾನಗಿ ಕೊಡಬಾರದು. ಸೀಲ್ ಸಡಿಲಾದರೆ ಒಳಗಿನದು ಹೊರಬರುವ ಮೊದಲೇ ತಿಳಿಯಬೇಕು, ರಿಪೇರಿಯ ದಾರಿ ಮೊದಲೇ ಗೊತ್ತಿರಬೇಕು.

ಇಂಧನ ಮೊದಲು ಕೆಲವು ವರ್ಷ ನೀರಿನ ಕೊಳದಲ್ಲಿ ತಣಿಯುತ್ತದೆ. ಆಮೇಲೆ ಸುಮಾರು 40 ಸೆಂ.ಮೀ. ದಪ್ಪದ ಎರಕದ ಕಬ್ಬಿಣದ ಕ್ಯಾಸ್ಕನ್ನು ಆ ಕೊಳಕ್ಕೇ ಇಳಿಸಿ, ನೀರಿನಡಿಯಲ್ಲೇ ತುಂಬಿ, ಒಳಮುಚ್ಚಳ ಹಾಕುತ್ತಾರೆ. ಮೇಲೆತ್ತಿ ನೀರು ಬಸಿದು, ನಿರ್ವಾತ ಪಂಪಿನಿಂದ ಒಣಗಿಸಿ ಹೀಲಿಯಂ ತುಂಬುತ್ತಾರೆ. ಒಣಗಿಸುವಾಗ ಅವಸರ ಸಲ್ಲದು. ಉಳಿದ ತೇವ ಲೋಹದ ಸೀಲನ್ನು ತಿನ್ನುತ್ತದೆ. ವಿಕಿರಣ ಆ ತೇವವನ್ನು ಒಡೆದು ಹೈಡ್ರೋಜನ್ ಹುಟ್ಟಿಸುತ್ತದೆ.

ಕಾವಲು ಇರುವುದು ಎರಡು ಮುಚ್ಚಳಗಳ ನಡುವೆ. ಕ್ಯಾಸ್ಕಿನೊಳಗಿನ ಒತ್ತಡ ಹೊರಗಾಳಿಗಿಂತ ಕಡಿಮೆ. ಮುಚ್ಚಳಗಳ ನಡುವಿನ ಹೀಲಿಯಂ ಸುಮಾರು 6 ಬಾರ್, ಅಂದರೆ ಹೊರಗಾಳಿಯ ಒತ್ತಡದ ಸುಮಾರು ಆರು ಪಟ್ಟು. ಯಾವುದೇ ಒಂದು ಸೀಲ್ ಸಡಿಲಾದರೂ ಈ ಶುದ್ಧ ಹೀಲಿಯಂ ಒಳಕ್ಕೋ ಹೊರಕ್ಕೋ ಹೋಗುತ್ತದೆ. ಒಳಗಿನ ಅನಿಲ ಹೊರಬರುವುದಿಲ್ಲ. ಒತ್ತಡ ಇಳಿದರೆ ಪ್ರೆಷರ್ ಸ್ವಿಚ್ ಅಲಾರಂ ಕೊಡುತ್ತದೆ. ಕೆಟ್ಟದ್ದು ಹೊರಮುಚ್ಚಳದ ಸೀಲಾದರೆ ಬದಲಾಯಿಸುತ್ತಾರೆ, ಒಳಮುಚ್ಚಳದ್ದಾದರೆ ಮೇಲೆ ಮೂರನೆಯ ಮುಚ್ಚಳ ಬೆಸೆಯಬಹುದು. ಡ್ರಮ್ಮಿಗೆ ಇಂಥ ಕಾವಲೇ ಇರಲಿಲ್ಲ.

ನಮಗೆ ಚಿಂತೆಯಿರುವುದು ಗಡುವಿನದು. ಜರ್ಮನಿಯ ಗೋರ್ಲೆಬೆನ್ ಕ್ಯಾಸ್ಕು ಉಗ್ರಾಣದ ಪರವಾನಗಿ 2034ಕ್ಕೆ, ಆಹೌಸಿನದು 2036ಕ್ಕೆ ಮುಗಿಯುತ್ತದೆ. ಶಾಶ್ವತ ಭೂಗತ ಜಾಗವಂತೂ ಅಷ್ಟರಲ್ಲಿ ಸಿದ್ಧವಾಗುವುದಿಲ್ಲ. ಅವಧಿ ವಿಸ್ತರಿಸಬೇಕಾದರೆ ಸೀಲಿನ ಬಿಗಿ ಎಷ್ಟು ಉಳಿದಿದೆ, ಇಂಧನ ತುಂಬಿದ ಲೋಹದ ಕೊಳವೆಗಳು ಪೆಡಸಾಗಿವೆಯೇ ಎಂಬುದನ್ನು ಹೊಸದಾಗಿ ಸಾಬೀತುಪಡಿಸಬೇಕು. ಇಷ್ಟು ವರ್ಷ ಏನೂ ಆಗಿಲ್ಲ ಎಂಬುದು ಸಾಕ್ಷ್ಯವಲ್ಲ.

ಪ್ರಶ್ನೆ: ಕಡಲ ಬದಿಯಲ್ಲಿಟ್ಟರೆ ಉಪ್ಪುಗಾಳಿ ತೊಂದರೆ ಕೊಡದೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಕೊಡಬಹುದು, ಅದರಲ್ಲೂ ಅಮೆರಿಕದ ಪದ್ಧತಿಯಲ್ಲಿ. ಅಲ್ಲಿ ಒಂದೂವರೆ ಸೆಂ.ಮೀ. ಆಸುಪಾಸು ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಯನ್ನು ಬೆಸೆದು ಕಾಂಕ್ರೀಟ್ ಕವಚದೊಳಗೆ ಇಡುತ್ತಾರೆ. ಕಿಂಡಿಗಳಿಂದ ಗಾಳಿ ಹಾದು ಅದನ್ನು ತಣಿಸುತ್ತದೆ. ಆ ಗಾಳಿಯೊಂದಿಗೇ ಉಪ್ಪು ಬಂದು ಕೂರುತ್ತದೆ. ಡಬ್ಬಿ ಬಿಸಿಯಾಗಿರುವಷ್ಟು ದಿನ ಉಪ್ಪು ಒಣಗಿರುತ್ತದೆ. ವರ್ಷಗಳು ಕಳೆದು ಡಬ್ಬಿ ತಣಿದಂತೆ ಉಪ್ಪು ತೇವ ಹೀರಿಕೊಂಡು ಬೆಸುಗೆಯ ಬಳಿ ಬಿರುಕು ಹುಟ್ಟಿಸಬಲ್ಲದು. ಹಾಗಾಗಿ ಹಳೆಯದಾದಷ್ಟೂ ತಪಾಸಣೆ ಹೆಚ್ಚಬೇಕು. ಕಿಂಡಿಯಲ್ಲಿ ಕಸ ಕಟ್ಟಿದೆಯೇ ಎಂದು ನಿತ್ಯ ನೋಡಬೇಕು, ಇಲ್ಲವೇ ತಾಪಮಾನ ಅಳೆಯಬೇಕು.

ಕೈತಪ್ಪುವುದೂ ಉಂಟು. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಒನೊಫ್ರೆ ಪರಮಾಣು ಸ್ಥಾವರದಲ್ಲಿ ಇಂಧನ ತುಂಬಿದ ಡಬ್ಬಿಯೊಂದು ಇಳಿಸುವಾಗ ಅಂಚಿಗೆ ಸಿಕ್ಕಿಕೊಂಡಿತು. ಹಿಡಿದ ಪಟ್ಟಿಗಳು ಸಡಿಲಾದದ್ದು ಕೆಲಸಗಾರರಿಗೆ ತಿಳಿಯಲೇ ಇಲ್ಲ. ಕೆಳಗೆ ಸುಮಾರು 5.5 ಮೀಟರ್ ಆಳವಿತ್ತು, ಡಬ್ಬಿ ಬೀಳಲಿಲ್ಲ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಸ್ಥಾವರದ ಕಂಪನಿಗೆ 1,16,000 ಡಾಲರ್ ದಂಡ ಹಾಕಿತು.

ಪ್ರಶ್ನೆ: ನಮ್ಮ ದೇಶದಲ್ಲಿ?
– ಓದುಗರೊಬ್ಬರು, ಹೊಸೂರು

ಉತ್ತರ: ಭಾರತದ ನೀತಿ ಬಳಸಿದ ಇಂಧನವನ್ನು ಮರುಸಂಸ್ಕರಿಸುವುದು, ಅಂದರೆ ಮತ್ತೆ ಬಳಸಬಹುದಾದದ್ದನ್ನು ಅದರಿಂದ ಬೇರ್ಪಡಿಸುವುದು. ಉಳಿದ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ, ತಾರಾಪುರದಲ್ಲಿ ಗಾಳಿಯಿಂದ ತಣಿಯುವ ಕಟ್ಟಡದಲ್ಲಿ ಇಡುತ್ತಾರೆ. ಸಾರ್ವಜನಿಕರಿಗೆ ತಗಲಬಹುದಾದ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಅಳತೆ).