ಮೇಲ್ಮನವಿ ತಡವಾಯಿತೆಂದು ವಜಾ ಆಗಿದೆ, ಮುಂದೇನು?

ಪ್ರಶ್ನೆ: ಚೆಕ್ ಬೌನ್ಸ್ ಕೇಸಿನಲ್ಲಿ ನನ್ನ ತಮ್ಮನಿಗೆ ಬೆಂಗಳೂರಿನ ಮ್ಯಾಜಿಸ್ಟ್ರೇಟ್ ಕೋರ್ಟ್ ದಂಡ ಹಾಕಿದೆ, ಕಟ್ಟದಿದ್ದರೆ ಜೈಲು. ಆಗ ಅವನಿಗೆ ಕಾಮಾಲೆ ಆಗಿತ್ತು. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕುವಷ್ಟರಲ್ಲಿ ಗಡುವು ಮುಗಿದು ನಾಲ್ಕು ತಿಂಗಳಾಗಿತ್ತು. ಕಳೆದ ವಾರ ತಡವಾಗಿದೆ ಎಂದು ವಜಾ ಮಾಡಿದರು. ಕೇಸಿನ ವಿಷಯ ಕೇಳಲೇ ಇಲ್ಲ. ಎಲ್ಲಾ ಮುಗಿದುಹೋಯ್ತಾ?
– ಓದುಗರು, ರಾಜಾಜಿನಗರ

ಉತ್ತರ: ಮುಗಿದಿಲ್ಲ. ಆದರೆ ಇನ್ನು ಒಂದು ದಿನವೂ ಸುಮ್ನೆ ಕಳೆಯಬೇಡಿ.

ಅದೇ ಸೆಷನ್ಸ್ ಕೋರ್ಟಿಗೆ ಹೋಗಿ ಆದೇಶ ಬದಲಿಸಿ ಎಂದು ಕೇಳಲು ಬರುವುದಿಲ್ಲ. ಕ್ರಿಮಿನಲ್ ಕೋರ್ಟ್ ಬರವಣಿಗೆಯ ತಪ್ಪು, ಲೆಕ್ಕದ ತಪ್ಪು ಬಿಟ್ಟರೆ ಸಹಿ ಹಾಕಿದ ಆದೇಶವನ್ನು ತಿದ್ದುವಂತಿಲ್ಲ. ನಿಮಗಿರುವ ದಾರಿ ಹೈಕೋರ್ಟಿನಲ್ಲಿ ಕ್ರಿಮಿನಲ್ ರಿವಿಷನ್, ಅಂದರೆ ಕೆಳಗಿನ ಕೋರ್ಟಿನ ಆದೇಶ ಸರಿಯೇ ಎಂದು ಪರಿಶೀಲಿಸಲು ಕೇಳುವ ಅರ್ಜಿ. ಅದಕ್ಕೆ 90 ದಿನ ಸಮಯವಿದೆ. ಆದೇಶದ ಸರ್ಟಿಫೈಡ್ ಕಾಪಿ (ಕೋರ್ಟ್ ದೃಢೀಕರಿಸಿದ ಪ್ರತಿ) ಸಿಗಲು ಹಿಡಿಯುವ ದಿನಗಳನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಕಾಪಿಗೆ ಇವತ್ತೇ ಅರ್ಜಿ ಹಾಕಿಸಿ. ಹೈಕೋರ್ಟ್ ವಿಳಂಬವನ್ನು ಮನ್ನಿಸಿದರೆ ಮೇಲ್ಮನವಿ ಮತ್ತೆ ಸೆಷನ್ಸ್ ಕೋರ್ಟಿಗೆ ಬಂದು, ಅಲ್ಲಿ ಕೇಸಿನ ವಿಷಯದ ಮೇಲೆ ವಿಚಾರಣೆ ಆಗಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇಲ್ಮನವಿ ಹಾಕುವಾಗ ತಡವನ್ನು ಮನ್ನಿಸಿ ಎಂದು ಕೊಟ್ಟ ಅರ್ಜಿಯ ಜೊತೆ ಹಾಕಿದ್ದ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ತೆಗೆದು ಓದಿ. 'ಅನಾರೋಗ್ಯದಿಂದ ಬರಲಾಗಲಿಲ್ಲ, ಬೇಕೆಂದು ತಡ ಮಾಡಿಲ್ಲ' ಎಂಬ ಎರಡು ಸಾಲು ಮಾತ್ರ ಇದ್ದರೆ ಸೋತದ್ದು ಅಲ್ಲೇ. ತಡವನ್ನು ಕೋರ್ಟ್ ಮನ್ನಿಸುತ್ತದೆ, ಕಾರಣವಿಲ್ಲದ ತಡವನ್ನು ಮನ್ನಿಸುವುದಿಲ್ಲ. ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಅದೇ ಸುಪ್ರೀಂ ಕೋರ್ಟ್ 2025ರಲ್ಲಿ ಕರ್ನಾಟಕ ಗೃಹ ಮಂಡಳಿಯ ಸಿವಿಲ್ ಪ್ರಕರಣವೊಂದರಲ್ಲಿ 3966 ದಿನಗಳ ತಡವನ್ನು ಒಪ್ಪಲಿಲ್ಲ. ಅಲ್ಲಿ ತಡವನ್ನು ಮನ್ನಿಸಿದ್ದು ನಮ್ಮ ಹೈಕೋರ್ಟೇ.

ಹಾಗಾಗಿ ತೀರ್ಪಿನ ದಿನದಿಂದ ಮೇಲ್ಮನವಿ ಹಾಕಿದ ದಿನದವರೆಗೆ ಏನೇನಾಯಿತು ಎಂದು ತಾರೀಖಿನ ಸಮೇತ ಬರೆದುಕೊಳ್ಳಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ರಕ್ತ ಪರೀಕ್ಷೆಯ ರಿಪೋರ್ಟ್, ಓಪಿ ಚೀಟಿ, ಔಷಧಿ ಬಿಲ್, ಎಲ್ಲವನ್ನೂ ಹುಡುಕಿ. ಸಾಮಾನ್ಯವಾಗಿ ಪ್ರಶ್ನೆ ಏಳುವುದು ಹುಷಾರಾದ ಮೇಲಿನ ದಿನಗಳ ಬಗ್ಗೆ. ಒಂದೂವರೆ ತಿಂಗಳು ಹಾಸಿಗೆ ಹಿಡಿದಿದ್ದರು ಅಂತಲೇ ಇಟ್ಟುಕೊಳ್ಳಿ, ಉಳಿದ ದಿನ ಏನು ಮಾಡುತ್ತಿದ್ದರು? ಹಣ ಹೊಂದಿಸಲು ಓಡಾಡಿದ್ದರೆ ಹಾಗೇ ಬರೆಯಿರಿ. ವಕೀಲರು ಫೈಲ್ ಕೊಡಲು ತಡ ಮಾಡಿದ್ದರೆ ಅವರಿಗೆ ಕಳಿಸಿದ ವಾಟ್ಸಾಪ್ ಮೆಸೇಜ್ ತೋರಿಸಿ. ಕೆಳಗಿನ ಕೋರ್ಟಿಗೆ ಕೊಡದ ದಾಖಲೆ ಇದ್ದರೆ, ಅದನ್ನು ಹಾಜರುಪಡಿಸಲು ಬೇರೆ ಅರ್ಜಿ ಹಾಕಿಸಿ. ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಮಾತ್ರ ದಯವಿಟ್ಟು ಬೇಡ. ಅದು ಸಿಕ್ಕಿಬಿದ್ದರೆ ಇನ್ನೊಂದು ಕೇಸು.

ರಿವಿಷನ್ ಹಾಕಿದ ಮಾತ್ರಕ್ಕೆ ವಾರಂಟ್ ನಿಲ್ಲುವುದಿಲ್ಲ. ಶಿಕ್ಷೆಗೆ ತಡೆ ಕೋರಿ ಜೊತೆಯಲ್ಲೇ ಅರ್ಜಿ ಇರಬೇಕು. ತಡೆ ಕೊಡುವಾಗ ಒಂದಿಷ್ಟು ಹಣ ಠೇವಣಿ ಇಡಲು ಹೇಳುವುದುಂಟು, ಸಿದ್ಧವಾಗಿರಿ.

ಇನ್ನೊಂದು ಎಚ್ಚರಿಕೆ. ಹೈಕೋರ್ಟಿನಲ್ಲಿ ಅರ್ಜಿ ಹಾಕಿದ ಮೇಲೆ ಕಚೇರಿಯವರು ಆಕ್ಷೇಪಣೆ ಬರೆಯುತ್ತಾರೆ: ಈ ಪುಟ ಓದಲಾಗುತ್ತಿಲ್ಲ, ಆ ಪ್ರತಿ ಇಲ್ಲ ಅಂತ. ಕೊಟ್ಟ ಸಮಯದಲ್ಲಿ ಸರಿಪಡಿಸದೆ ವಜಾ ಆಗುವ ಅರ್ಜಿಗಳೂ ಇವೆ. ವಕೀಲರ ಹತ್ತಿರ ಕೇಸ್ ನಂಬರ್ ಇಸ್ಕೊಂಡು, ಹೈಕೋರ್ಟ್ ವೆಬ್‌ಸೈಟಿನಲ್ಲಿ ವಾರಕ್ಕೊಮ್ಮೆ ನೀವೇ ನೋಡಿ.

ಇದೆಲ್ಲದರ ನಡುವೆ ರಾಜಿಗೂ ಪ್ರಯತ್ನಿಸಿ ಎನ್ನುವುದು ನನ್ನ ಸಲಹೆ. ಚೆಕ್ ಬೌನ್ಸ್ ಕೇಸನ್ನು ಹೈಕೋರ್ಟಿನಲ್ಲೂ ರಾಜಿ ಮಾಡಿಕೊಳ್ಳಬಹುದು. ತಡವಾದಷ್ಟೂ ಮೇಲೆ ಕಟ್ಟಬೇಕಾದ ವೆಚ್ಚ ಜಾಸ್ತಿ. ವಕೀಲರಿಗೆ ಹಣ ಹೊಂದಿಸುವುದು ಕಷ್ಟವಾದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ತಮ್ಮನಿಗೆ ಉಚಿತ ವಕೀಲರು ಸಿಗುತ್ತಾರಾ ಎಂದು ಅಲ್ಲಿ ಕೇಳಿ.