ನಮ್ಮ ಮನೆಯ ಎಚ್.ಎಂ.ಟಿ. 2511

ನೀವು ಕೇಳಿರುವುದು ಎರಡು ಪ್ರಶ್ನೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ನಿಮಗೆ ಅಚ್ಚುಮೆಚ್ಚಿನದು ಯಾವುದು, ಅದರ ನೆನಪುಗಳೇನು ಎಂಬುದು ಮೊದಲನೆಯದು. ಅಜ್ಜನ ಮನೆಯ ಹಿತ್ತಲಲ್ಲಿ ಹತ್ತು ವರ್ಷದಿಂದ ಒಂದು ಎಚ್.ಎಂ.ಟಿ. ಟ್ರ್ಯಾಕ್ಟರ್ ನಿಂತಿದೆ, ಗುಜರಿಯವರು ಕೇಳುತ್ತಿದ್ದಾರೆ, ಕೊಟ್ಟುಬಿಡಲೇ ಎಂಬುದು ಎರಡನೆಯದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಕೊಡಬೇಡಿ. ಏಕೆ ಎನ್ನುವುದು ಮೊದಲ ಪ್ರಶ್ನೆಯ ಉತ್ತರದಲ್ಲಿದೆ.

ನನ್ನದು ಮಲೇಬೆನ್ನೂರಿನ ಹತ್ತಿರದ ಒಂದು ಹಳ್ಳಿ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಈಗ ದಾವಣಗೆರೆ ಜಿಲ್ಲೆ. ಆ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ನಾನು ಹೇಳುವ ಕಾಲಕ್ಕೆ ನಾವು ಚಿತ್ರದುರ್ಗ ಜಿಲ್ಲೆಯವರು. 1983ರಲ್ಲಿ ನಾನು ಎರಡನೇ ತರಗತಿಯಲ್ಲಿದ್ದೆ. ಆ ವರ್ಷ ಅಪ್ಪ ಭೂ ಅಭಿವೃದ್ಧಿ ಬ್ಯಾಂಕಿನಲ್ಲಿ ಜಮೀನು ಅಡವಿಟ್ಟು ಎಚ್.ಎಂ.ಟಿ. 2511 ತಂದ. ಎರಡು ಸಿಲಿಂಡರ್, 25 ಅಶ್ವಶಕ್ತಿ. ಇಂದಿನ ಟ್ರ್ಯಾಕ್ಟರುಗಳ ಪಕ್ಕದಲ್ಲಿ ನಿಲ್ಲಿಸಿದರೆ ಕರುವಿನಂತೆ ಕಾಣುತ್ತದೆ.

ಬಂದ ಸಂಜೆಯ ಬೇರೆಲ್ಲ ಮರೆತಿದೆ, ಅದರ ಸದ್ದು ಮಾತ್ರ ಕಿವಿಯಲ್ಲಿ ಉಳಿದಿದೆ. ಎರಡು ಸಿಲಿಂಡರಿನ ಎಂಜಿನ್ ನಿಧಾನಕ್ಕೆ ಓಡುವಾಗ ಒಂದೊಂದು ಏಟನ್ನೂ ಎಣಿಸಬಹುದು. ನೇಗಿಲು ಆಳಕ್ಕೆ ಇಳಿದರೆ ದನಿ ತಗ್ಗಿ ಗಟ್ಟಿಯಾಗುತ್ತದೆ, ಮೇಲಕ್ಕೆ ಬಂದರೆ ಹಗುರಾಗುತ್ತದೆ. ಶಾಲೆಯ ಕಿಟಕಿಯ ಪಕ್ಕ ಕುಳಿತು ಅಪ್ಪ ಯಾವ ಗದ್ದೆಯಲ್ಲಿದ್ದಾನೆ, ಅಲ್ಲಿ ಮಣ್ಣು ಹದಕ್ಕೆ ಬಂದಿದೆಯೇ ಇಲ್ಲವೇ ಎಂದು ಹೇಳುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗರು ಸಂಜೆ ಹೋಗಿ ನೋಡಿ ಬರುತ್ತಿದ್ದರು. ಹೆಚ್ಚಿನ ಸಲ ನಾನು ಹೇಳಿದ್ದು ಸರಿಯಾಗಿರುತ್ತಿತ್ತು.

ಅಪ್ಪ ಈ ಟ್ರ್ಯಾಕ್ಟರನ್ನೇ ಆರಿಸಿಕೊಳ್ಳಲು ಅವನ ಕೈಗಡಿಯಾರ ಕಾರಣ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಎಚ್.ಎಂ.ಟಿ. ಜನತಾ ಅದು. ಕೆಸರು, ಬೆವರು, ಡೀಸೆಲ್ ಎಲ್ಲವನ್ನೂ ಕಂಡ ಗಡಿಯಾರ. ದಿನವೂ ಬೆಳಗ್ಗೆ ಕೀಲಿ ಕೊಟ್ಟರೆ ಸಾಕು, ಒಂದು ದಿನವೂ ನಿಂತಿರಲಿಲ್ಲ. "ಇಷ್ಟು ಸಣ್ಣ ಯಂತ್ರವನ್ನು ಇಷ್ಟು ನಿಯತ್ತಿನಿಂದ ಮಾಡಿದವರು ದೊಡ್ಡದನ್ನು ಕೆಡಿಸುತ್ತಾರೆಯೇ?" ಎನ್ನುವುದು ಅಪ್ಪನ ವಾದ. ಅವನ ವಾದದಲ್ಲಿ ಹುರುಳಿತ್ತು ಎಂದು ಇವತ್ತಿಗೂ ನಂಬಿದ್ದೇನೆ. ಎಚ್.ಎಂ.ಟಿ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು ಮಾಡಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೆ ಬಂತು, 1971ರಲ್ಲಿ ಜೆಕೊಸ್ಲೊವಾಕಿಯಾದ ಝೆಟರ್ ಕಂಪನಿಯ ನೆರವಿನಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರಿಗೆ ಬಂತು. ಹೆಸರಿನ ಮೊದಲ ಎರಡು ಅಂಕಿ ಅಶ್ವಶಕ್ತಿಯನ್ನು ಹೇಳುತ್ತವೆ. 2511 ಎಂದರೆ 25, 3511 ಎಂದರೆ 35, 5911 ಎಂದರೆ 59. ಆ ಕೊನೆಯದು ಪಂಜಾಬಿನಲ್ಲಿ ಮನೆಮಾತು. 2022ರ ಮೇ ತಿಂಗಳಲ್ಲಿ ಗಾಯಕ ಸಿದ್ದು ಮೂಸೆವಾಲಾ ಅವರ ಅಂತಿಮಯಾತ್ರೆ ಸಾಗಿದ್ದು ಅವರ ಪ್ರೀತಿಯ 5911ರ ಮೇಲೆಯೇ.

ಝೆಟರ್ ಎಂಬ ಹೆಸರಿನ ಕಥೆ ನನಗೆ ತಿಳಿದದ್ದು ತೀರಾ ಈಚೆಗೆ. ಜೆಕೊಸ್ಲೊವಾಕಿಯಾದ ಬ್ರನೋ ನಗರದ ಬಂದೂಕಿನ ಕಾರ್ಖಾನೆಯೊಂದು ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಟ್ರ್ಯಾಕ್ಟರ್ ತಯಾರಿಸತೊಡಗಿತು. ಕಾರ್ಖಾನೆಯ ಗುರುತಾದ 'ಝೆಟ್' ಅಕ್ಷರಕ್ಕೆ ಟ್ರ್ಯಾಕ್ಟರ್ ಪದದ ಬಾಲ ಸೇರಿಸಿ ಝೆಟರ್ ಎಂದರು. ನಮ್ಮ ಸೈನಿಕರೂ ಹಿಡಿದಿದ್ದ ಬ್ರೆನ್ ಎಂಬ ಮೆಷಿನ್ ಗನ್ನಿನ ಇಂಗ್ಲಿಷ್ ಹೆಸರಿನ ಮೊದಲೆರಡು ಅಕ್ಷರ ಅದೇ ಬ್ರನೋದ್ದು. ಬಂದೂಕು ಮಾಡುತ್ತಿದ್ದವರ ಕೈ ಕಲಿಸಿದ ಟ್ರ್ಯಾಕ್ಟರಿಗೆ ನಾವು ಪ್ರತಿ ವರ್ಷ ಆಯುಧ ಪೂಜೆಯ ದಿನ ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕು ಗಾಲಿಗೂ ನಿಂಬೆಹಣ್ಣು ಇಡುತ್ತಿದ್ದೆವು.

ನ್ಯಾಯವಾಗಿ ಹೇಳಬೇಕೆಂದರೆ ಊರಿನಲ್ಲಿ ನಮ್ಮದಕ್ಕಿಂತ ಜಾಣ ಟ್ರ್ಯಾಕ್ಟರ್ ಇತ್ತು. ಗೌಡರ ಮನೆಯ ಮ್ಯಾಸಿ 1035. ಮದ್ರಾಸಿನ ಟಾಫೆ ಕಂಪನಿ ತಯಾರಿಸುತ್ತಿದ್ದ ಅದು ಇಂಗ್ಲೆಂಡಿನ ಮ್ಯಾಸಿ ಫರ್ಗ್ಯುಸನ್ 35ರ ವಂಶದ್ದು. ಅದರ ಮೂಲಪುರುಷ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ನೇಗಿಲನ್ನು ಹಗ್ಗ ಕಟ್ಟಿ ಎಳೆದಂತೆ ಟ್ರ್ಯಾಕ್ಟರಿನ ಹಿಂದೆ ಎಳೆಯುತ್ತಿದ್ದ ಕಾಲದಲ್ಲಿ, ನೇಗಿಲು ಬಂಡೆಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮುಂಭಾಗ ಎದ್ದು ಹಿಂದಕ್ಕೆ ಮಗುಚಿ ಚಾಲಕ ಸಾಯುತ್ತಿದ್ದ. ಫರ್ಗ್ಯುಸನ್ ನೇಗಿಲನ್ನು ಕೆಳಗೆ ಎರಡು ತೋಳು, ಮೇಲೆ ಒಂದು ತೋಳು ಹೀಗೆ ಮೂರು ಕಡೆ ಹಿಡಿಸಿದ. ಗಟ್ಟಿ ನೆಲ ಬಂದಾಗ ಮೇಲಿನ ತೋಳು ಮುಂದಕ್ಕೆ ಒತ್ತುತ್ತದೆ. ಆ ಒತ್ತಡದಿಂದಲೇ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಕೆಲಸ ಮಾಡಿ ನೇಗಿಲನ್ನು ಚೂರು ಎತ್ತುತ್ತದೆ, ಅದರ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಇಂದು ನೀವು ನೋಡುವ ಟ್ರ್ಯಾಕ್ಟರುಗಳ ಹಿಂಬದಿಯಲ್ಲೆಲ್ಲ ಆ ಮೂರು ತೋಳುಗಳಿವೆ. 1958ರ ಜನವರಿ 4ರಂದು ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ತಲುಪಿದ್ದು ಫರ್ಗ್ಯುಸನ್ ಟ್ರ್ಯಾಕ್ಟರುಗಳ ಮೇಲೆ ಎಂದು ಗೌಡರ ಮನೆಯ ಡ್ರೈವರ್ ಹೇಳುತ್ತಿದ್ದ. ಆಗ ನಂಬಿರಲಿಲ್ಲ. ಅದು ನಿಜ.

ಅಕ್ಕಿ ಗಿರಣಿಯವರ ಬಳಿ ಮಹೀಂದ್ರಾ ಬಿ-275 ಇತ್ತು. ಗಟ್ಟಿಮುಟ್ಟಾದದ್ದು, ಟ್ರೇಲರ್ ತುಂಬ ಭತ್ತದ ಚೀಲ ಹೇರಿದರೂ ಏರಿ ಹತ್ತುತ್ತಿತ್ತು. ಅದರ ಜೊತೆ ನನಗೆ ಅಷ್ಟು ಒಡನಾಟವಿಲ್ಲ.

ನಮ್ಮ 2511ರ ಜೊತೆಗಿನ ಒಡನಾಟ ಗಟ್ಟಿಯಾದದ್ದು ಒಂದು ರಾತ್ರಿ. ನಾನಾಗ ಆರನೇ ತರಗತಿ. ನಾಟಿಯ ಕಾಲ. ನಾಲೆಯ ನೀರಿನ ಸರದಿ ನಮಗೆ ಬಂದಿತ್ತು, ಬೆಳಗಾದರೆ ಪಕ್ಕದವರಿಗೆ ಹೋಗುತ್ತದೆ. ನಾಟಿಗೆ ಹೆಣ್ಣಾಳುಗಳು ಬೆಳಗ್ಗೆ ಬರುತ್ತೇವೆ ಎಂದು ಹೇಳಿ ಆಗಿತ್ತು. ಅಪ್ಪ ಕೇಜ್ ವೀಲ್ ಎನ್ನುವ, ಪಂಜರದಂಥ ಕಬ್ಬಿಣದ ಗಾಲಿ ಹಾಕಿ ಕೆಸರು ಮಾಡುತ್ತಿದ್ದ. ತಿರುವಿನಲ್ಲಿ ಟ್ರ್ಯಾಕ್ಟರ್ ಬದುವಿನ ಕಡೆಗೆ ವಾಲಿತು. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿತ್ತು. ಇದ್ದದ್ದು ಒಂದು ಮೂಲೆಗೆ ಸರಿದು ಪೈಪು ಗಾಳಿ ಎಳೆದುಕೊಂಡಿತು. ಎಂಜಿನ್ ಎರಡು ಸಲ ಉಸಿರುಗಟ್ಟಿದಂತೆ ಕೆಮ್ಮಿ ನಿಂತಿತು. ಕಪ್ಪೆಗಳ ಸದ್ದು ಆಮೇಲೆ ಕೇಳಿಸತೊಡಗಿತು.

ಡೀಸೆಲ್ ಎಂಜಿನ್ನಿನ ಪೈಪಿನಲ್ಲಿ ಗಾಳಿ ಹಿಡಿದರೆ ಟ್ಯಾಂಕ್ ತುಂಬಿಸಿದರೂ ಚಾಲೂ ಆಗುವುದಿಲ್ಲ. ಪಂಪು ಡೀಸೆಲನ್ನು ಒತ್ತಬೇಕು; ಗಾಳಿ ಇದ್ದರೆ ಅದು ಸ್ಪಂಜಿನಂತೆ ಕುಗ್ಗುತ್ತದೆ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ತೆರೆಯುವಷ್ಟು ಒತ್ತಡ ಬರುವುದಿಲ್ಲ. ಗಾಳಿಯನ್ನು ಹೊರಗೆ ಬಿಡಲೇಬೇಕು. ಅವ್ವ ಕ್ಯಾನಿನಲ್ಲಿ ಡೀಸೆಲ್ ಹೊತ್ತು ತಂದಳು, ಒಂದು ಕೈಯಲ್ಲಿ ಟಾರ್ಚ್ ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತಳು. ಅಪ್ಪ ಫಿಲ್ಟರಿನ ತಲೆಯ ಮೇಲಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿದ. ನನ್ನ ಕೈ ಸಣ್ಣದು, ಪಂಪಿನ ಸಂದಿಗೆ ಹೋಗುತ್ತಿತ್ತು. "ನೀನು ಒತ್ತು, ನಾನು ಸಾಕು ಎನ್ನುವವರೆಗೆ ನಿಲ್ಲಿಸಬೇಡ" ಎಂದ. ಪಂಪಿನ ಪುಟ್ಟ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತತೊಡಗಿದೆ. ಬೋಲ್ಟಿನ ಬುಡದಲ್ಲಿ ಮೊದಲು ಬುಸ್ ಎಂದು ಗಾಳಿ, ಆಮೇಲೆ ಸೋಪಿನ ನೊರೆಯಂಥ ಡೀಸೆಲ್. ಬೆರಳು ಸೋತಿತು. ನೊರೆಯ ಗುಳ್ಳೆಗಳು ದೊಡ್ಡದಾದವು, ಕಡಿಮೆಯಾದವು, ಕಡೆಗೆ ಟಾರ್ಚಿನ ಬೆಳಕಿನಲ್ಲಿ ಜೇನಿನಂತೆ ತಿಳಿಯಾದ ಡೀಸೆಲ್ ಒಂದೇ ಧಾರೆಯಾಗಿ ಇಳಿಯಿತು. ಅಪ್ಪ ಬೋಲ್ಟ್ ಬಿಗಿದ. ನಾಜಲ್‌ಗಳ ಹತ್ತಿರದ ಎರಡು ನಟ್ಟುಗಳನ್ನೂ ಸಡಿಲಿಸಿ, ಸೆಲ್ಫ್ ಹೊಡೆದು, ಅಲ್ಲಿಂದಲೂ ಗಾಳಿ ಬಿಟ್ಟು ಬಿಗಿದ. ಮೂರನೆಯ ಸಲಕ್ಕೆ ಒಂದು ಸಿಲಿಂಡರ್ ಎದ್ದಿತು, ಅರೆಕ್ಷಣ ಬಿಟ್ಟು ಇನ್ನೊಂದು. ಬೆಳಗಿನ ಹೊತ್ತಿಗೆ ಗದ್ದೆ ಹದವಾಗಿತ್ತು. ನಾಟಿಯವರು ಸಸಿ ಹೊತ್ತು ಬಂದಾಗ ನಾನು ಮಡ್‌ಗಾರ್ಡಿನ ಮೇಲೆ ನಿದ್ದೆ ಹೋಗಿದ್ದೆನಂತೆ.

ಅಂದಿನಿಂದ ಆ ಟ್ರ್ಯಾಕ್ಟರ್ ನನ್ನದೂ ಆಯಿತು. ಅದರೊಳಗೆ ಏನು ನಡೆಯುತ್ತದೆ ಎಂದು ಕಣ್ಣಾರೆ ಕಂಡಿದ್ದೆ. ಹಳೆಯ ಟ್ರ್ಯಾಕ್ಟರುಗಳನ್ನು ನಾನು ಮೆಚ್ಚುವುದು ಈ ಕಾರಣಕ್ಕೆ: ನಾಲ್ಕು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಹೊಲದಲ್ಲೇ ಅವುಗಳ ಜೊತೆ ಮಾತುಕತೆ ಸಾಧ್ಯವಿತ್ತು. ಬ್ಯಾಟರಿ ಸತ್ತರೂ ಕೆಲಸ ನಿಲ್ಲುತ್ತಿರಲಿಲ್ಲ. ಎಷ್ಟೋ ವರ್ಷ ನಮ್ಮ ಬ್ಯಾಟರಿಗೆ ಜೀವವೇ ಇರಲಿಲ್ಲ. ಸಂಜೆ ನಾಲೆಯ ಏರಿಯ ಇಳಿಜಾರಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡುತ್ತಿದ್ದೆವು. ಬೆಳಗ್ಗೆ ಕಲ್ಲು ತೆಗೆಯುವುದು ನನ್ನ ಕೆಲಸ. ಕಲ್ಲು ತೆಗೆದ ಕೂಡಲೇ ಪಕ್ಕಕ್ಕೆ ಹಾರಬೇಕು, ಅಪ್ಪ ಗೇರಿನಲ್ಲಿಟ್ಟು ಕ್ಲಚ್ ಬಿಡುತ್ತಿದ್ದ. ಇಡೀ ಊರಿನ ಟ್ರ್ಯಾಕ್ಟರುಗಳು ಆ ಏರಿಯ ಮೇಲೆ ಸಾಲಾಗಿ ಮಲಗುತ್ತಿದ್ದವು.

ಅಜ್ಜನಿಗೆ ಮಾತ್ರ ಅದು ಬಹಳ ದಿನ ಒಗ್ಗಲಿಲ್ಲ. ಎತ್ತುಗಳಿಗೆ ವಯಸ್ಸಾಗಿ ಕೊಟ್ಟಿಗೆ ಬರಿದಾದ ವರ್ಷ ಕಾರಹುಣ್ಣಿಮೆ ಬಂತು. ಊರೆಲ್ಲ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿಯುತ್ತಿತ್ತು. ಅಜ್ಜ ಜಗುಲಿಯ ಮೇಲೆ ಸುಮ್ಮನೆ ಕುಳಿತಿದ್ದವನು ಅಪ್ಪನನ್ನು ಕರೆದು, "ಇದರ ಹೊಟ್ಟೆಯಲ್ಲಿ ಏನಿದೆ?" ಎಂದು ಕೇಳಿದ. ಎರಡು ಸಿಲಿಂಡರ್ ಅಕ್ಕಪಕ್ಕ ನಿಂತಿವೆ, ಒಂದಾದ ಮೇಲೊಂದು ಎಳೆಯುತ್ತವೆ ಎಂದು ಅಪ್ಪ ಬಿಡಿಸಿ ಹೇಳಿದ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಜೋಡಿಯೇ ಇದೆ" ಎಂದ. ಎದ್ದು ಒಳಗೆ ಹೋಗಿ ಗಂಟಿನಲ್ಲಿ ಕಟ್ಟಿಟ್ಟಿದ್ದ ಗೆಜ್ಜೆಸರ ಎರಡನ್ನೂ ತಂದು ಎಡಕ್ಕೊಂದು ಬಲಕ್ಕೊಂದು ದೀಪಗಳಿಗೆ ಕಟ್ಟಿದ. ಅವ್ವ ಹೋಳಿಗೆಯ ಎಡೆ ತಂದಳು. ಗೆಜ್ಜೆಸರ ಫ್ಯಾನಿನ ಬೆಲ್ಟಿಗೆ ಸಿಕ್ಕೀತೆಂದು ಅಪ್ಪ ಮರುದಿನ ಅವನ್ನು ಬಿಚ್ಚಿ ಮಡ್‌ಗಾರ್ಡಿಗೆ ಕಟ್ಟಿದ. ಆಮೇಲೆ ನಮ್ಮ ಟ್ರ್ಯಾಕ್ಟರ್ ಗುಂಡಿ ಹಾಯುವಾಗಲೆಲ್ಲ ಗೆಜ್ಜೆ ಸದ್ದು ಬರುತ್ತಿತ್ತು.

ಎಚ್.ಎಂ.ಟಿ. ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಪಿಂಜೋರಿನ ಟ್ರ್ಯಾಕ್ಟರ್ ವಿಭಾಗದ ಸರದಿಯೂ ಬಂತು. ಅಪ್ಪ ಪತ್ರಿಕೆಯಲ್ಲಿ ಓದಿ ಏನೂ ಹೇಳಲಿಲ್ಲ, ಗಡಿಯಾರಕ್ಕೆ ಕೀಲಿ ಕೊಟ್ಟು ಹೊಲಕ್ಕೆ ಹೋದ. ಈಗ ಉಳುಮೆಗೆ 45 ಅಶ್ವಶಕ್ತಿಯ ಬೇರೆ ಟ್ರ್ಯಾಕ್ಟರ್ ಇದೆ. 2511 ಹುಲ್ಲು, ಗೊಬ್ಬರ ತರುತ್ತದೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುತ್ತದೆ.

ಈಗ ನಿಮ್ಮ ಹಿತ್ತಲಿನದಕ್ಕೆ ಬರೋಣ. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವ, ಬೇರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸುವ ಆತುರ ಮಾಡಬೇಡಿ. ಪಿಸ್ಟನ್ ರಿಂಗು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಮುರಿಯುತ್ತದೆ. ಮೊದಲು ನಾಜಲ್‌ಗಳನ್ನು ಬಿಚ್ಚಿ, ಆ ತೂತಿನಲ್ಲಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್, ಸ್ವಲ್ಪ ಡೀಸೆಲ್ ಬೆರೆಸಿ ಬಿಡಿ. ನಾಲ್ಕೈದು ದಿನ ಹಾಗೆಯೇ ನೆನೆಯಲಿ. ಆಮೇಲೆ ದೊಡ್ಡ ಗೇರಿನಲ್ಲಿಟ್ಟು ಇಬ್ಬರು ಮೂವರು ಸೇರಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ ನೋಡಿ. ಕ್ಲಚ್ ಜಾರಿ ಗಾಲಿ ಮಾತ್ರ ಉರುಳಬಹುದು, ಆದ್ದರಿಂದ ಗಾಲಿ ಉರುಳಿತು ಎಂದ ಮಾತ್ರಕ್ಕೆ ಖುಷಿಪಡಬೇಡಿ, ಎಂಜಿನ್ನಿನ ಫ್ಯಾನ್ ತಿರುಗುತ್ತಿದೆಯೇ ನೋಡಿ. ತಿರುಗಿದರೆ ಅರ್ಧ ಗೆದ್ದಂತೆ. ಟ್ಯಾಂಕಿನ ಹಳೆಯ ಡೀಸೆಲ್, ಎಂಜಿನ್ ಆಯಿಲ್, ಫಿಲ್ಟರ್ ಎಲ್ಲ ಬದಲಿಸಿ. ಏರ್ ಕ್ಲೀನರ್ ಬಿಚ್ಚಿ ನೋಡಿ. ಹತ್ತು ವರ್ಷ ನಿಂತದ್ದರಲ್ಲಿ ಇಲಿಗಳು ಸಂಸಾರ ಹೂಡಿರುತ್ತವೆ. ರೇಡಿಯೇಟರಿಗೆ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಎಂಜಿನ್ ಆಯಿಲಿನಲ್ಲಿ ನೀರು ಸೇರಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಗಾಳಿ ಬಿಡುವ ಕ್ರಮ ಮೇಲೆ ಹೇಳಿದ್ದೇನೆ.

ಬಾನೆಟ್ಟಿನ ಪಕ್ಕದಲ್ಲಿ ಮಾದರಿಯ ಸಂಖ್ಯೆ ಇರುತ್ತದೆ, ಧೂಳು ಒರೆಸಿ ಓದಿ ತಿಳಿಸಿ. 2511 ಆಗಿದ್ದರೆ ನಮ್ಮ ಅಟ್ಟದ ಮೇಲೆ ಒಂದು ಜೊತೆ ನಾಜಲ್, ಒಂದು ಫಿಲ್ಟರಿನ ತಲೆ ಇವೆ. ಅಪ್ಪನನ್ನು ಕೇಳಿದೆ, ಕೊಡೋಣ ಎಂದಿದ್ದಾನೆ.